ವ್ಯಾನಮ್ಮ ಕಲಿತ ಇಂಗ್ಲಿಷ್ ಮಾತು

ಬೆಳಗ್ಗೆ ಮುಖ ತೊಳೆದ ಮೇಲೆ ವ್ಯಾನಮ್ಮ ತನ್ನ ಬೆರಳುಗಳ ಉಗುರನ್ನು ಒಂದೊಂದಾಗಿ ಕೆನ್ನೆಗೆ ಸವರಿ ನೋಡುತ್ತಾಳೆ. ಎಲ್ಲಾದರೂ ತರಚಿದಂತಾದರೆ ಬಟ್ಟೆ ಒಗೆಯುವ ಕಲ್ಲಿನ ಅಂಚಿಗೆ ಉಜ್ಜಿ ನುಣುಪು ಮಾಡಿ ಮತ್ತೊಮ್ಮೆ ಸವರುತ್ತಾಳೆ. ಜ್ವರ ಬಂದ ದಿನವೂ ಬಿಟ್ಟವಳಲ್ಲ, ಗಂಡ ತೀರಿಕೊಂಡ ಮಾರನೆಯ ದಿನವೂ ಬಿಟ್ಟವಳಲ್ಲ. ಶಾಲೆಯ ವ್ಯಾನಿನಲ್ಲಿ ಪುಟ್ಟ ಮಕ್ಕಳ ಕಂಕುಳಿಗೆ ಕೈಕೊಟ್ಟು ಎತ್ತಿ ಇಳಿಸುವ ಆಯಾಳ ಉಗುರು ಒರಟಾಗಿದ್ದರೆ ಎಳೆಯ ಚರ್ಮ ಗೀರಿಹೋಗುತ್ತದೆ. ಈಗ ಎತ್ತಿ ಇಳಿಸಲು ಮಕ್ಕಳಿಲ್ಲ. ಆದರೂ ಸವರುತ್ತಾಳೆ.

ವ್ಯಾನಮ್ಮ ಎಂಬುದು ಮಕ್ಕಳು ಇಟ್ಟ ಹೆಸರು. ಅವಳೂ ಸುಮ್ಮನಿರದೆ ಮಕ್ಕಳಿಗೆ ಹೆಸರಿಟ್ಟಿದ್ದಳು. ಒಬ್ಬ ಗಲಾಟೆ ರಾಜ, ಒಬ್ಬ ಸಿಂಬಳ ಸಾಹೇಬ. ಹತ್ತಿದ ಕೂಡಲೇ ಅವಳ ತೊಡೆಗೆ ತಲೆಯಿಟ್ಟು ಕಣ್ಣು ಮುಚ್ಚುತ್ತಿದ್ದ ಒಂದು ಹುಡುಗಿ ತೂಕಡಿಕೆ ರಾಣಿ. ತನ್ನ ಹೊಟ್ಟೆಯಲ್ಲಿ ಒಂದೂ ಹುಟ್ಟಲಿಲ್ಲವೆಂಬ ಕೊರಗು ಅವಳಿಗೆ ಇರಲಿಲ್ಲವೆಂದಲ್ಲ. ಆದರೆ ವ್ಯಾನಿನ ಹಿಂದಿನ ಸೀಟಿನಲ್ಲಿ ನಾಲ್ಕು ಮಕ್ಕಳ ನಡುವೆ ಕೂತಾಗ ದೇವರು ತನ್ನ ಪಾಲನ್ನು ಬೇರೆ ದಾರಿಯಿಂದ ಕಳಿಸಿದ್ದಾನೆ ಎಂದುಕೊಳ್ಳುತ್ತಿದ್ದಳು.

ಕೆಲಸಕ್ಕೊಂದು ಕ್ರಮವಿತ್ತು. ಎಲ್ಲರೂ ಇಳಿದ ಮೇಲೆ ಅವಳು ಒಳಗೆ ಹೋಗಿ, ಕೊನೆಯ ಸೀಟಿನವರೆಗೆ ನಡೆದು, ಬಗ್ಗಿ ಕೆಳಗೆಲ್ಲ ನೋಡಿ, ಹೊರಗೆ ಬಂದು ವ್ಯಾನಿನ ಮೈಗೆ ಅಂಗೈಯಿಂದ ಎರಡು ಸಲ ತಟ್ಟಬೇಕು. ತಟ್ಟಿದರೆ ಒಳಗೆ ಯಾರೂ ಇಲ್ಲ ಎಂದರ್ಥ. ಆ ಸದ್ದು ಕೇಳದೆ ಡ್ರೈವರು ಗಾಡಿ ಕದಲಿಸುತ್ತಿರಲಿಲ್ಲ.

ಆ ದಿನ ಸಿಂಬಳ ಸಾಹೇಬ ಇಳಿಯುವಾಗಲೇ ಮೆಟ್ಟಿಲ ಮೇಲೆ ವಾಂತಿ ಮಾಡಿಕೊಂಡ. ಮೈಯೆಲ್ಲ ಬೆವರಿ ಕಣ್ಣು ತೇಲಿಸುತ್ತಿದ್ದ ಅವನನ್ನು ಅವಳು ಹೆಗಲಿಗೆ ಹಾಕಿಕೊಂಡಳು. ಉಳಿದವರನ್ನು ಒಂದೇ ಕೈಯಲ್ಲಿ ಇಳಿಸಿದಳು. ನಲ್ಲಿಯ ಕಡೆಗೆ ತಿರುಗಿದಳು. ತಿರುಗುವಾಗ ಅವಳ ಬಿಡುವಾಗಿದ್ದ ಕೈ, ಯಾರೂ ಹೇಳದೆ ಕೇಳದೆ, ವ್ಯಾನಿಗೆ ಎರಡು ಸಲ ತಟ್ಟಿತು. ವರ್ಷಗಟ್ಟಲೆ ತಟ್ಟಿ ರೂಢಿಯಾದ ಕೈ. ತಟ್ಟಿದ್ದು ಆಗ ಅವಳಿಗೇ ಗೊತ್ತಾಗಲಿಲ್ಲ.

ಡ್ರೈವರು ಗಾಡಿಯನ್ನು ಶೆಡ್ಡಿನ ಹಿಂದೆ ನಿಲ್ಲಿಸಿ, ಕಿಟಕಿ ಮುಚ್ಚಿ, ಬೀಗ ಹಾಕಿದ. ಮಧ್ಯಾಹ್ನ ಮರೆತ ಊಟದ ಡಬ್ಬಿಗೆಂದು ಬಂದು ಬಾಗಿಲು ತೆಗೆದವನಿಗೆ ಹಿಂದಿನ ಸೀಟಿನ ಕೆಳಗೆ ಒಂದು ಪುಟ್ಟ ಬೂಟು ಕಂಡಿತು. ಬೂಟಿನಲ್ಲಿ ಕಾಲೂ ಇತ್ತು.

ತೂಕಡಿಕೆ ರಾಣಿ ಬದುಕಿದಳು. ಆಸ್ಪತ್ರೆಯಲ್ಲಿ ಮೂರನೆಯ ದಿನ ಕಣ್ಣು ಬಿಟ್ಟು ನೀರು ಕೇಳಿದಳು. ಆದರೆ ಅಷ್ಟರಲ್ಲಿ ಊರು ತನ್ನ ತೀರ್ಪು ಕೊಟ್ಟು ಮುಗಿಸಿತ್ತು. ಶಾಲೆಯ ಗೇಟಿನ ಮುಂದೆ ಹೆತ್ತವರೆಲ್ಲ ಸೇರಿ ವ್ಯಾನಮ್ಮನನ್ನು ಸುತ್ತಿಕೊಂಡರು. ಬಿದ್ದವರ ಮೇಲೆ ಆಳಿಗೊಂದು ಕಲ್ಲು. ನಿನ್ನೆಯವರೆಗೆ “ನೀವಿದ್ದೀರಲ್ಲ ವ್ಯಾನಮ್ಮ, ನಮಗೇನು ಚಿಂತೆ” ಎನ್ನುತ್ತಿದ್ದ ಗಲಾಟೆ ರಾಜನ ತಾಯಿಯೇ ಮೊಬೈಲು ಎತ್ತಿ ಹಿಡಿದು, “ಇವಳ ಮುಖ ನೋಡ್ಕೊಳ್ಳಿ ಎಲ್ಲರೂ” ಎಂದಳು. ಹಿಂದಿನಿಂದ ಯಾರೋ ಹೇಳಿದರು: “ಹೆತ್ತಿದ್ರೆ ತಾನೇ ಮಕ್ಕಳ ಬೆಲೆ ಗೊತ್ತಾಗೋದು.”

ಪೊಲೀಸರು ಡ್ರೈವರನ್ನು ಹಿಡಿದು ಕೇಳಿದಾಗ ವ್ಯಾನಮ್ಮ ಮುಂದೆ ಬಂದು, “ಅವನದ್ದೇನಿಲ್ಲ, ತಟ್ಟಿದ್ದು ನಾನೇ” ಎಂದಳು. ಶಾಲೆಯವರು ಅವಳನ್ನು ಅವತ್ತೇ ಮನೆಗೆ ಕಳಿಸಿದರು.

ಮನೆಯಲ್ಲಿ ಜೊತೆಗಿದ್ದವಳು ಅಣ್ಣನ ಮಗಳು, ಕಾಲೇಜಿನ ಹುಡುಗಿ. ಪೇಪರು ಬಂದರೆ ಅವಳು ಮಡಚಿ ಹಾಸಿಗೆಯ ಕೆಳಗೆ ತುರುಕುತ್ತಿದ್ದಳು.

“ಇಂಗ್ಲಿಷ್ ಪೇಪರಲ್ಲೂ ಬಂದಿದೆಯಂತೆ?”

“ಬಂದಿದೆ ಅತ್ತೆ. ಬಿಡಿ ಅದನ್ನ.”

“ಏನಂತ ಹಾಕಿದ್ದಾರೆ ಹೇಳೇ.”

“ಅಂಡರ್ ಫೈರ್ ಅಂತ.”

“ಫೈರು ಅಂದ್ರೆ ಬೆಂಕಿ ಅಲ್ವಾ? ಸುಡ್ತಾರಂತಾ ನನ್ನನ್ನ?”

“ಅಯ್ಯೋ ಅಲ್ಲ. ಯುದ್ಧದಲ್ಲಿ ನಾಲ್ಕೂ ಕಡೆಯಿಂದ ಗುಂಡು ಹಾರಿಸ್ತಾರಲ್ಲ, ಹಾಗೆ ಜನ ಎಲ್ಲಾ ಸೇರಿ ಬೈತಿದ್ದಾರೆ ಅಂತ.”

“ಅದಕ್ಕೆ ಯುದ್ಧದವರೆಗೂ ಯಾಕೆ ಹೋದರೋ. ಉಗಿದು ಉಪ್ಪಿನಕಾಯಿ ಹಾಕಿದ್ರು ಅಂದ್ರೆ ಸಾಕಾಗಿತ್ತು.”

ಹುಡುಗಿಗೆ ತಡೆಯಲಾರದೆ ನಗು ಬಂತು. ನಗುತ್ತಲೇ ಅತ್ತೆಯ ಮುಖ ನೋಡಿ ಅತ್ತಳು.

ಆದರೆ ಆ ಮಾತು ವ್ಯಾನಮ್ಮನ ನಾಲಿಗೆಗೆ ಹತ್ತಿಕೊಂಡಿತು. ಅಂಗಡಿಯವನು, “ಏನಮ್ಮ, ಕೆಲಸಕ್ಕೆ ಹೋಗ್ತಾ ಇಲ್ವಾ?” ಎಂದು ಕೇಳಿದರೆ, “ಇಲ್ಲಪ್ಪ, ನಾನೀಗ ಅಂಡರ್ ಫೈರು” ಎನ್ನುತ್ತಿದ್ದಳು. ಅದೇನೋ ಹೊಸ ಕಾಯಿಲೆ ಇರಬೇಕೆಂದುಕೊಂಡು ಅವನು, “ಬಿಸಿಲಲ್ಲಿ ಓಡಾಡಬೇಡಿ ಮತ್ತೆ” ಎಂದು ಬುದ್ಧಿ ಹೇಳಿದ. ದೂರದಲ್ಲಿದ್ದ ತಂಗಿ ಫೋನು ಮಾಡಿದಾಗಲೂ ಅದೇ: “ಏನಿಲ್ಲ ಕಣೇ, ಸ್ವಲ್ಪ ದಿನ ಅಂಡರ್ ಫೈರು.” ಹೇಳಿದಷ್ಟೂ ಸಲೀಸಾಯಿತು. ಆ ಮಾತಿನಲ್ಲಿ ಗುಂಡು ಹಾರಿಸುವವರಿದ್ದರು, ಎದುರಿಗೆ ನಿಂತ ಒಬ್ಬ ಹೆಂಗಸಿದ್ದಳು. ಮಗು ಇರಲಿಲ್ಲ.

ದೇವರ ಮುಂದೆ ಕೂತಾಗ ಮಾತ್ರ ಅದು ಬಾಯಿಗೆ ಬರುತ್ತಿರಲಿಲ್ಲ. ಕನ್ನಡದಲ್ಲಿ ಹೇಳಲು ಧೈರ್ಯವಿರಲಿಲ್ಲ. ಹಾಗಾಗಿ ಕೈಮುಗಿದು ಸುಮ್ಮನೆ ಕೂರುತ್ತಿದ್ದಳು. ಕ್ಷಮಿಸು ಎಂದು ಕೇಳಲಿಲ್ಲ. ಆ ಮಗುವಿಗೆ ಆ ಸೆಕೆ ನೆನಪಿರದಂತೆ ಮಾಡು ಎಂದಷ್ಟೇ ಮನಸ್ಸಿನಲ್ಲಿ ಅನ್ನುತ್ತಿದ್ದಳು.

ಬೆಳಗ್ಗೆ ವ್ಯಾನು ಅವಳ ಬೀದಿಯ ತುದಿಯಲ್ಲೇ ಹಾದುಹೋಗುತ್ತಿತ್ತು. ಹಾರ್ನ್ ಕೇಳಿಸಿದರೆ ಕೈಯಲ್ಲಿದ್ದ ಪಾತ್ರೆ ಕೈಯಲ್ಲೇ ನಿಲ್ಲುತ್ತಿತ್ತು. ಅವಳಿಗೆ ಲೋಕದಲ್ಲಿ ಬೇಕಾದದ್ದು ಒಂದೇ ಒಂದು, ಆ ಹಿಂದಿನ ಸೀಟು. ಒಂದು ದಿನ ಡ್ರೈವರು ಬಂದು ಹೊಸ್ತಿಲ ಮೇಲೇ ಕೂತ.

“ಅಕ್ಕಾ, ಹೊಸ ಆಯಾ ಬಂದಿದ್ದಾಳೆ. ಮಕ್ಕಳನ್ನ ಮೂಟೆ ಎಸೆದ ಹಾಗೆ ಎಸೀತಾಳೆ. ದಿನಾ ಅಳು. ಜನ ಈಗ ತಣ್ಣಗಾಗಿದ್ದಾರೆ. ಆ ಮಗೂ ತಾಯಿ ಒಂದು ಮಾತು ಅಂದ್ರೆ ಶಾಲೆಯವರು ನಿನ್ನನ್ನ ನಾಳೆನೇ ಕರೀತಾರೆ.”

“ಅವರು ಯಾಕಪ್ಪ ಅಂತಾರೆ?”

“ಅಂದ್ರೆ ಅಂತ ಹೇಳ್ದೆ.”

ಅವನು ಹೋದ ಮೇಲೆ ಅವಳು ಪೆಟ್ಟಿಗೆಯಿಂದ ಕೆಲಸದ ನೀಲಿ ಸೀರೆ ತೆಗೆದು ಒಗೆದು ಹಾಕಿದಳು.

ಭಾನುವಾರ ಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ತೂಕಡಿಕೆ ರಾಣಿ ನಿಂತಿದ್ದಳು, ಪಕ್ಕದಲ್ಲಿ ಅವಳ ತಾಯಿ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಗಸು, ಅಂದು ಗೇಟಿನ ಮುಂದೆ ಇರದಿದ್ದವಳು ಅವಳೊಬ್ಬಳೇ; ಮಗುವಿನ ಜೊತೆ ಆಸ್ಪತ್ರೆಯಲ್ಲಿದ್ದಳು.

“ವ್ಯಾನಮ್ಮ, ನೀವ್ಯಾಕೆ ಬರ್ತಾ ಇಲ್ಲ?” ಎಂದಿತು ಮಗು, ರಜೆ ಹಾಕಿದ ಟೀಚರನ್ನು ಗದರುವಂತೆ. “ಹೊಸ ಆಂಟಿ ತೊಡೆ ಕೊಡಲ್ಲ.”

ವ್ಯಾನಮ್ಮ ತಾಯಿಗೆ ಕುರ್ಚಿ ಹಾಕಿ, “ಬಾ ಪುಟ್ಟಿ, ನೀರು ಕುಡಿ” ಎಂದು ಮಗುವಿನ ಕೈ ಹಿಡಿದು ಅಡುಗೆಮನೆಗೆ ಕರೆದೊಯ್ದಳು. ಲೋಟ ತುಂಬಿ ತಿರುಗಿದರೆ ತಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ತಾನು ಎದ್ದು ಬಂದದ್ದು ಅವಳಿಗೇ ತಿಳಿದಂತಿರಲಿಲ್ಲ. ಕಣ್ಣು ಮಗುವಿನ ಮೇಲಿತ್ತು. ವ್ಯಾನಮ್ಮ ನೋಡಿದ್ದನ್ನು ನೋಡಿ ನಾಚಿದವಳಂತೆ, “ಅಡುಗೆಮನೆ ಚೆನ್ನಾಗಿಟ್ಟಿದ್ದೀರಿ” ಎಂದಳು.

ಮತ್ತೆ ಬಂದು ಕೂತರು. ಮಗು ವ್ಯಾನಮ್ಮನ ತೊಡೆಗೆ ತಲೆಯಿಟ್ಟಿತು. ತಾಯಿಯ ಕೈ ಮಾತ್ರ ಅದರ ಫ್ರಾಕಿನ ಅಂಚು ಹಿಡಿದೇ ಇತ್ತು.

“ನಾನು ನಿಮ್ಮ ಮೇಲೆ ಸಿಟ್ಟು ಮಾಡಿಕೊಂಡಿರಲಿಲ್ಲ ಅಂದ್ರೆ ಸುಳ್ಳಾಗುತ್ತೆ,” ಎಂದಳು ತಾಯಿ. “ಬೇಕಾದಷ್ಟು ಹಿಡಿಶಾಪ ಹಾಕಿದ್ದೀನಿ. ಆದ್ರೆ ಇವಳು ಇನ್ಮೇಲೆ ವ್ಯಾನ್ ಹತ್ತಲ್ಲ ಅಂತಾಳೆ. ನೀವಿದ್ರೆ ಮಾತ್ರ ಅಂತೆ. ನಾಳೆ ಶಾಲೆಗೆ ಹೋಗಿ ನಾನೇ ಹೆಡ್ ಮೇಡಂ ಹತ್ರ ಹೇಳ್ತೀನಿ. ನಾನೇ ಹೇಳಿದ ಮೇಲೆ ಬೇರೆಯವರು ಬಾಯಿ ಬಿಡೋಕಾಗಲ್ಲ.”

ಅಂಗಳದ ತಂತಿಯ ಮೇಲೆ ನೀಲಿ ಸೀರೆ ಆಡುತ್ತಿತ್ತು. ವ್ಯಾನಮ್ಮ ಬಾಯಿ ತೆರೆದಳು. “ನಾನೀಗ ಅಂಡರ್...” ಎಂದು ಶುರು ಮಾಡಿ ನಿಲ್ಲಿಸಿದಳು. ತೊಡೆಯ ಮೇಲೆ ಮಗು ಆಗಲೇ ನಿದ್ದೆಹೋಗಿತ್ತು. ಅದರ ಬಿಸಿ ಉಸಿರು ಸೀರೆಯ ಮೂಲಕ ತಾಗುತ್ತಿತ್ತು.

“ನಾನು ನಿಮ್ಮ ಮಗೂನ ಒಳಗೆ ಬಿಟ್ಟು ಬಂದೆ ತಾಯಿ,” ಎಂದಳು. “ನೋಡದೇನೇ ತಟ್ಟಿದೆ.”

ಇಷ್ಟು ದಿನದಲ್ಲಿ ಅದನ್ನು ಅವಳು ತನ್ನ ಮಾತಿನಲ್ಲಿ ಹೀಗೆ ಮಗುವಿನ ಸಮೇತ ಯಾರಿಗೂ ಹೇಳಿರಲಿಲ್ಲ. ತಾಯಿ ತಲೆ ತಗ್ಗಿಸಿ, “ಗೊತ್ತು” ಎಂದಳು. ಇಬ್ಬರೂ ಸ್ವಲ್ಪ ಹೊತ್ತು ಅತ್ತರು, ಮಗು ಏಳದ ಹಾಗೆ.

“ಸರಿ, ನಾಳೆ ಹತ್ತು ಗಂಟೆಗೆ ಹೋಗ್ತೀನಿ,” ಎಂದು ತಾಯಿ ಕಣ್ಣೊರೆಸಿಕೊಂಡು ಎದ್ದಳು.

“ಬೇಡ ತಾಯಿ.”

“ಯಾಕೆ? ನಿಮಗೆ ಇಷ್ಟ ಇಲ್ವಾ?”

“ಇಷ್ಟ ಇಲ್ದೆ ಏನು. ಆದ್ರೆ ನೀವು ಅಡುಗೆಮನೆವರೆಗೂ ಎದ್ದು ಬಂದ್ರಿ. ತಪ್ಪಲ್ಲ, ನಾನಾದ್ರೂ ಬರ್ತಿದ್ದೆ. ನಾನು ವ್ಯಾನಲ್ಲಿ ಕೂತ್ರೆ ದಿನಾ ನಿಮಗೆ ಅಂಗಡೀಲಿ ಕೈಕಾಲು ಆಡಲ್ಲ. ನನಗೂ ಈ ಕೈ ಮೇಲೆ ಮೊದಲಿನ ಹಾಗೆ ನಂಬಿಕೆ ಇಲ್ಲ.”

“ಇವಳು ನಿಮ್ಮನ್ನೇ ಕೇಳ್ತಾಳಲ್ಲ ವ್ಯಾನಮ್ಮ.”

“ಸ್ವಲ್ಪ ದಿನ ಕೇಳ್ತಾಳೆ, ಆಮೇಲೆ ಮರೀತಾಳೆ. ಹೊಸಬರಿಗೆ ಹೇಳಿ, ಇವಳನ್ನ ಕಿಟಕಿ ಪಕ್ಕ ಕೂರಿಸ್ಬೇಡಿ, ಗಾಳಿ ತಾಗಿದ್ರೆ ಬೇಗ ನಿದ್ದೆ ಹೋಗ್ತಾಳೆ ಅಂತ.” ಮಗುವನ್ನು ಎರಡೂ ಕೈಯಲ್ಲಿ ಎತ್ತಿ ತಾಯಿಯ ಹೆಗಲಿಗೆ ಕೊಟ್ಟಳು. “ಹೆಡ್ ಮೇಡಂ ಹತ್ರ ನನ್ನ ವಿಷಯ ಮಾತ್ರ ಎತ್ತಬೇಡಿ.”