ಹದಿನೇಳು ಹೌದು

ಆತ್ಮಜ್ಞಾನಕ್ಕಿಂತ ದೊಡ್ಡ ಜ್ಞಾನ ಈ ಲೋಕದಲ್ಲಿಲ್ಲ. ಅದಕ್ಕಾಗಿ ರಾಜ್ಯ ಬಿಟ್ಟವರಿದ್ದಾರೆ, ಗವಿ ಹೊಕ್ಕವರಿದ್ದಾರೆ, ಅನ್ನನೀರು ತೊರೆದವರಿದ್ದಾರೆ. ನನಗೆ ಅದು ಹೊಸಪೇಟೆಯ ವಾಚನಾಲಯದ ಬೆಂಚಿನ ಮೇಲೆ, ಒಂದು ಲೋಟ ಚಹಾ ಆರುವಷ್ಟರೊಳಗೆ, ಮೋಟು ಪೆನ್ಸಿಲ್ಲಿನಿಂದ ದೊರೆಯಿತು.

ಆಗ ಬಳ್ಳಾರಿ ಸೀಮೆಯ ನಾವೆಲ್ಲ ಮದ್ರಾಸು ಪ್ರಾಂತ್ಯದವರು. ಕಾಯಿದೆ ಅಲ್ಲಿಂದ ಬರುತ್ತಿತ್ತು, ಕಲೆಕ್ಟರು ಅಲ್ಲಿಂದ ಬರುತ್ತಿದ್ದರು, ನಮ್ಮ ವಾಚನಾಲಯದ ಕನ್ನಡ ಮಾಸಪತ್ರಿಕೆಯೂ ಅಲ್ಲೇ ಅಚ್ಚಾಗಿ, ತಿಂಗಳು ಮುಗಿದ ಮೇಲೆ ನಮ್ಮನ್ನು ತಲುಪುತ್ತಿತ್ತು. ಒಂದು ಸಂಚಿಕೆಯಲ್ಲಿ 'ನೀವು ಯಾರು?' ಎಂಬ ಲೇಖನವಿತ್ತು. ಮನುಷ್ಯಜಾತಿಯನ್ನು ಪಾಶ್ಚಾತ್ಯ ಪಂಡಿತರು ಎರಡಾಗಿ ವಿಂಗಡಿಸಿದ್ದಾರೆಂದೂ, ಒಳಗಿನ ವಿಚಾರದಲ್ಲಿ ಮುಳುಗಿರುವವನು ಅಂತರ್ಮುಖಿ, ಹೊರಗಿನ ಜನರಲ್ಲಿ ಬೆರೆಯುವವನು ಬಹಿರ್ಮುಖಿ ಎಂದೂ ಲೇಖಕರು ವಿವರಿಸಿದ್ದರು. ಕೆಳಗೆ ಇಪ್ಪತ್ತು ಪ್ರಶ್ನೆ. ಪ್ರತಿಯೊಂದಕ್ಕೂ ಹೌದು ಅಥವಾ ಇಲ್ಲ ಎಂದು ಬರೆಯಬೇಕು. ಹತ್ತಕ್ಕಿಂತ ಹೆಚ್ಚು ಹೌದು ಬಂದರೆ ಬಹಿರ್ಮುಖಿ. ಕಡಿಮೆ ಬಂದರೆ ಅಂತರ್ಮುಖಿ. ಅಲ್ಲಿಯವರೆಗೆ ಮನುಷ್ಯರಲ್ಲಿ ಬೇರೆ ಭೇದಗಳನ್ನು ಮಾತ್ರ ಬಲ್ಲವರಾಗಿದ್ದ ನಮಗೆ ಹೊಸದೊಂದು ಭೇದ ಸಿಕ್ಕಿ ಬಹಳ ಸಂತೋಷವಾಯಿತು.

ಸಂಜೆ ಅಲ್ಲಿ ಸೇರುತ್ತಿದ್ದವರು ಮೂವರು. ನಾನು ತಾಲ್ಲೂಕು ಕಚೇರಿಯಲ್ಲಿ ನಕಲು ಗುಮಾಸ್ತ. ಅಕ್ಷರ ದುಂಡಗಿದೆ ಎಂಬ ಒಂದೇ ಗುಣದ ಮೇಲೆ ಕೆಲಸ ಸಿಕ್ಕಿತ್ತು. ಇನ್ನೊಬ್ಬರು ಶಾಲೆಯ ಮೇಷ್ಟ್ರು. ಮೂರನೆಯವರು ಜವಳಿ ಅಂಗಡಿಯ ಸಾಹುಕಾರರು. ಓದುವುದಕ್ಕಿಂತ ಓದಿಸಿಕೊಳ್ಳುವುದು ಅವರಿಗೆ ಇಷ್ಟ. ನಾನು ಪ್ರಶ್ನೆಗಳ ನಕಲು ತೆಗೆದೆ, ಮೂವರೂ ಉತ್ತರ ಬರೆದೆವು. ಸಾಹುಕಾರರಿಗೆ ಹದಿನೆಂಟು ಹೌದು. ಅವರು ಪರೀಕ್ಷೆಯಲ್ಲಿ ಪಾಸಾದವರಂತೆ ಮೀಸೆ ತೀಡಿಕೊಂಡರು. ನನಗೆ ನಾಲ್ಕು. ಆಳವಾದ ಮನುಷ್ಯನೆಂದು ಪತ್ರಿಕೆಯೇ ಹೇಳಿದ ಮೇಲೆ ನಾನೂ ಒಪ್ಪಿಕೊಂಡೆ. ಮೇಷ್ಟ್ರಿಗೆ ಸರಿಯಾಗಿ ಹತ್ತು ಹೌದು, ಹತ್ತು ಇಲ್ಲ.

"ಮೇಷ್ಟ್ರೇ, ನಿಮಗ ಒಳಗಿನ ಮಾರೀನೂ ಇಲ್ಲ, ಹೊರಗಿನ ಮಾರೀನೂ ಇಲ್ಲ ಬಿಡ್ರಿ," ಎಂದು ಸಾಹುಕಾರರು ಪತ್ರಿಕೆಯ ಮುಖವನ್ನು ನಮ್ಮ ಕಡೆಯ ಮಾರಿ ಮಾಡಿದರು.

"ಪ್ರಶ್ನೆ ತಪ್ಪು ಅದಾವ್ರಿ," ಎಂದು ಮೇಷ್ಟ್ರು ಮತ್ತೆ ಎಣಿಸಿದರು. ಹತ್ತೇ ಬಂತು. ಒಂದು ವಾರ ಅವರ ಮುಖ ಸಪ್ಪಗಿತ್ತು.

ಇಷ್ಟಕ್ಕೆ ನಿಲ್ಲಿಸಿದ್ದರೆ ಯಾರಿಗೂ ಕೇಡಾಗುತ್ತಿರಲಿಲ್ಲ. ನಾನು ನಕಲನ್ನೂ ಪತ್ರಿಕೆಯನ್ನೂ ಮನೆಗೆ ಒಯ್ದೆ.

ಮನೆಯಲ್ಲಿ ತಂಗಿ ಇದ್ದಳು. ಆ ತಿಂಗಳೇ ಕಂಪ್ಲಿಯವರು ಅವಳನ್ನು ನೋಡಿಕೊಂಡು ಹೋಗಿದ್ದರು. ಅಕ್ಕಿ ಗಿರಣಿಯವರು, ನಮಗೆ ಸರಿಸಮಾನರು, ಹುಡುಗ ಬಳ್ಳಾರಿಯಲ್ಲಿ ಓದಿ ಬಂದವನು. ನೋಡುವ ದಿನ ಹುಡುಗನ ಅಜ್ಜಿ, "ಹಾಡಾಕ ಬರ್ತೈತೇನವ್ವಾ?" ಎಂದು ಕೇಳಿದ್ದರು. ಅಂಥ ಪ್ರಶ್ನೆಗೆ ನೆಲ ನೋಡುವುದೇ ಉತ್ತರ. ನನ್ನ ತಂಗಿ ಅಜ್ಜಿಯನ್ನೇ ನೋಡಿ, "ಬರ್ತೈತ್ರಿ. ಕೇಳಿದವ್ರು ಎದ್ದು ಹೋಗ್ತಾರ," ಎಂದಳು. ಹುಡುಗ ಗಟ್ಟಿಯಾಗಿ ನಕ್ಕುಬಿಟ್ಟ. ಅವನ ಅಪ್ಪ ಕಣ್ಣು ಬಿಟ್ಟ ಮೇಲೆ ಆ ನಗುವನ್ನು ಕೆಮ್ಮಾಗಿ ಬದಲಾಯಿಸಿದ. ಅವರು ಹೋದ ಮೇಲೆ ತಂಗಿ ಅಡುಗೆಮನೆಯಲ್ಲಿ, "ಅವ್ವಾ, ನಕ್ರು ನೋಡು ಅವ್ರು," ಎಂದು ನಾಲ್ಕು ಸಲ ಹೇಳಿದಳು. ಮೂರು ದಿನ ಕೆಟ್ಟದಾಗಿ ಹಾಡಿದಳು. ಅವಳ ಮನಸ್ಸು ಎಲ್ಲಿ ನೆಟ್ಟಿದೆ ಎಂದು ತಿಳಿಯಲು ಮದ್ರಾಸಿನ ಪ್ರಶ್ನೆಪತ್ರ ಬೇಕಿರಲಿಲ್ಲ.

ಆದರೂ ಕೇಳಿದೆ. ಅವಳು ಬಾಗಿಲ ಹೊಸ್ತಿಲ ಮೇಲೆ ಕೂತು, ಹೋಗಿಬರುವವರನ್ನೆಲ್ಲ ಮಾತನಾಡಿಸುತ್ತ ಉತ್ತರ ಬರೆದಳು. ಬರೀ ಹೌದು ಎಂದರೆ ಅವಳಿಗೆ ಸಾಲದು. ಪಕ್ಕದಲ್ಲಿ ಟೀಕೆ ಬೇಕು. 'ಅಪರಿಚಿತರೊಡನೆ ನೀವಾಗಿಯೇ ಸಂಭಾಷಣೆ ಆರಂಭಿಸುವಿರಾ?' ಹೌದು, ಅವರು ಸುಮ್ಮನಿದ್ದರೆ ನಾನೇನು ಮಾಡಲಿ. 'ಮನೆಯಲ್ಲಿ ಒಬ್ಬರೇ ಇರುವುದು ನಿಮಗೆ ಬೇಸರವೇ?' ಹೌದು. 'ಬಹುಮಂದಿ ನೆರೆದಲ್ಲಿ ನಿಮ್ಮ ಮನಸ್ಸು ಅರಳುವುದೇ?' ಹೌದು ಹೌದು. ಈ ಎರಡನ್ನು ಒಂದು ಹೌದೆಂದು ಎಣಿಸಬೇಕೋ ಎರಡೆಂದೋ ಎಂಬ ಬಗ್ಗೆ ಮರುದಿನ ವಾಚನಾಲಯದಲ್ಲಿ ಚರ್ಚೆಯಾಯಿತು. ಮೇಷ್ಟ್ರ ತೀರ್ಪಿನಂತೆ ಒಂದೇ ಎಂದಾಗಿ, ಒಟ್ಟು ಹದಿನೇಳು.

"ಅಬ್ಬಾ, ನನಗಿಂತ ಒಂದೇ ಕಡಿಮಿ!" ಎಂದು ಸಾಹುಕಾರರು ಹಿಗ್ಗಿದರು. ಊರಿನಲ್ಲಿ ತಮ್ಮ ಜಾತಿಯ ಇನ್ನೊಂದು ಪ್ರಾಣಿ ಸಿಕ್ಕಿತಲ್ಲ ಎಂಬ ಹಿಗ್ಗು. ಅವಳ ಉತ್ತರಗಳನ್ನು ಹೊರಗಿನವರ ಮುಂದೆ ಓದಿದ್ದು ಸರಿಯೇ ಎಂದು ಆಗ ನನಗೆ ಹೊಳೆಯಲಿಲ್ಲ. ನಾನು ಆಳವಾದ ಮನುಷ್ಯನಾಗಿದ್ದೆ.

ನಮ್ಮಲ್ಲಿ ಹೆಣ್ಣನ್ನು ನೋಡಿ ಹೋದವರು ಕೂಡಲೇ ಮಾತು ಕೊಡುವುದಿಲ್ಲ. ನಡುವೆ ವಿಚಾರ ಮಾಡುವುದು ಎಂದೊಂದಿದೆ. ಹೆಣ್ಣಿನ ಊರಿನಿಂದ ಬಂದ ಯಾರನ್ನಾದರೂ ಕೂಡಿಸಿ, ಎಲೆ ಅಡಿಕೆ ಕೊಟ್ಟು, ಮಳೆ ಬೆಳೆ ಮಾತಾಡಿ, ಕೊನೆಗೆ, 'ಆ ಮನಿ ಹುಡುಗಿ ಹೆಂಗ?' ಎನ್ನುತ್ತಾರೆ. ಕಂಪ್ಲಿಯವರ ಕೈಗೆ ಸಿಕ್ಕವರು ನಮ್ಮ ಸಾಹುಕಾರರು. ಸಂತೆಯ ದಿನ ಬಟ್ಟೆಗಂಟು ಹೊತ್ತು ಅಲ್ಲಿಗೆ ಹೋದವರನ್ನು ಅಜ್ಜಿಯೇ ಕರೆಸಿ ವಿಚಾರ ಮಾಡಿದರು. ಸಾಹುಕಾರರು ಒಳ್ಳೆಯವರು. 'ಬಂಗಾರದಂಥ ಹುಡುಗಿ' ಎಂಬ ಹಳೆಯ ಮಾತು ನನ್ನ ತಂಗಿಗೆ ಸಾಲದೆನಿಸಿ, ತಮಗೆ ಗೊತ್ತಿದ್ದ ಅತ್ಯುತ್ತಮ ಶಬ್ದವನ್ನೇ ತೆಗೆದು ಅಜ್ಜಿಯ ಮುಂದೆ ಇಟ್ಟರು.

"ಹುಡುಗಿ ಬಹಿರ್ಮುಖಿ ಅದಾಳ್ರಿ. ಮದ್ರಾಸಿನ ಪರೀಕ್ಷೆ ಆಗೇತಿ. ಸಂಶಯನಽ ಇಲ್ಲ."

ಅಜ್ಜಿಗೆ ಆ ವಾಕ್ಯದಲ್ಲಿ ಅರ್ಥವಾದವು ಎರಡೇ ಶಬ್ದ: ಮದ್ರಾಸು, ಪರೀಕ್ಷೆ. ನಮ್ಮ ಕಡೆ ಮದ್ರಾಸಿಗೆ ಒಯ್ದು ಪರೀಕ್ಷೆ ಮಾಡಿಸುವುದು ಬಳ್ಳಾರಿಯ ಡಾಕ್ಟರು ಕೈಬಿಟ್ಟ ರೋಗಿಗಳನ್ನು. ಉಳಿದ ಶಬ್ದ ರೋಗದ ಹೆಸರೇ ಇರಬೇಕು.

ಮುಂದಿನ ಸೋಮವಾರ ಕಮಲಾಪುರದ ಮೇಲೆ ಬರುವ ಮೋಟಾರಿನಲ್ಲಿ ಅಜ್ಜಿಯೂ ಹುಡುಗನ ಅಪ್ಪನೂ ಬಂದಿಳಿದರು. ನಮ್ಮಪ್ಪ, "ಬರ್ರಿ, ಕುಂದ್ರಿ," ಎಂದು ಜಮಖಾನೆ ಹಾಸಿಸಿದ. ಅಜ್ಜಿ ಕೂತರು. ಕೊಟ್ಟ ನೀರು ಮುಟ್ಟಲಿಲ್ಲ.

"ಮುಚ್ಚುಮರಿ ಬ್ಯಾಡ್ರಿ. ಹುಡುಗಿಗೆ ಏನು ಜಡ್ಡು?"

"ಜಡ್ಡು? ಯಾರಿಗ್ರೀ?" ಎಂದ ಅಪ್ಪ.

"ಮದ್ರಾಸಿಗೆ ಒಯ್ದಿದ್ರಂತಲ್ಲ. ಅದೇನೋ ಮುಖಿ ಆಗೇತಂತಲ್ಲ."

ಅಪ್ಪ ನನ್ನನ್ನು ನೋಡಿದ. ನನಗೆ ಎಲ್ಲವೂ ಒಮ್ಮೆಗೇ ತಿಳಿದು, ಹಗುರವೂ ಆಯಿತು. ರೋಗವಲ್ಲ ಎಂದು ತೋರಿಸುವುದಕ್ಕೆ ನನ್ನ ಬಳಿ ಬರವಣಿಗೆಯ ಆಧಾರವಿತ್ತು. ಕಚೇರಿಯ ಗುಮಾಸ್ತನಿಗೆ ಇದಕ್ಕಿಂತ ದೊಡ್ಡ ಧೈರ್ಯ ಬೇರೆ ಇಲ್ಲ. ಒಳಗೆ ಹೋಗಿ ಪತ್ರಿಕೆಯನ್ನೂ ತಂಗಿಯ ಉತ್ತರದ ಹಾಳೆಯನ್ನೂ ತಂದು ಹುಡುಗನ ಅಪ್ಪನ ಕೈಗೆ ಕೊಟ್ಟೆ.

ಅವರು ಕನ್ನಡಕ ಏರಿಸಿ, ಲೇಖನವನ್ನು ಪೂರ್ತಿ ಓದಿ, "ಜಡ್ಡಲ್ಲವ್ವಾ. ಇದು ಬ್ಯಾರೇನ ಐತಿ," ಎಂದು ಅಜ್ಜಿಗೆ ಹೇಳಿದರು. ಅಜ್ಜಿ ನೀರಿನ ತಂಬಿಗೆಯ ಕಡೆಗೆ ಕೈ ಚಾಚಿದರು. ಆ ಕೈ ತಂಬಿಗೆಯವರೆಗೆ ಹೋಗಿದ್ದರೆ ಮದುವೆ ಆಗುತ್ತಿತ್ತು ಎಂದು ನಾನು ಇಂದಿಗೂ ನಂಬಿದ್ದೇನೆ. ಅಷ್ಟರಲ್ಲಿ ಹುಡುಗನ ಅಪ್ಪ ತಂಗಿಯ ಹಾಳೆಯನ್ನು ಗಟ್ಟಿಯಾಗಿ ಓದತೊಡಗಿದರು.

"ಅಪರಿಚಿತರೊಡನೆ ನೀವಾಗಿಯೇ ಸಂಭಾಷಣೆ ಆರಂಭಿಸುವಿರಾ? ಹೌದು, ಅವರು ಸುಮ್ಮನಿದ್ದರೆ ನಾನೇನು ಮಾಡಲಿ."

"ಅಪರಿಚಿತರು ಅಂದ್ರ?" ಎಂದರು ಅಜ್ಜಿ.

"ಗುರ್ತಿಲ್ಲದವ್ರು."

"ಗಂಡಸ್ರೋ?"

"ಅದನ್ನ ಬರದಿಲ್ಲ."

ಅವರು ಇಪ್ಪತ್ತನ್ನೂ ಓದಿದರು. ನಾನು ಕಚೇರಿಯಲ್ಲಿ ಎಷ್ಟೋ ಹೇಳಿಕೆಗಳ ನಕಲು ತೆಗೆದವನು. ಆದರೆ ಆರೋಪಿ ತಾನಾಗಿಯೇ, ಪೆನ್ಸಿಲ್ಲಿನಲ್ಲಿ, ಇಷ್ಟು ಉತ್ಸಾಹದಿಂದ ಎಲ್ಲವನ್ನೂ ಒಪ್ಪಿಕೊಂಡ ಹೇಳಿಕೆಯನ್ನು ಕಂಡಿರಲಿಲ್ಲ. ಮನೆಯಲ್ಲಿರಲು ಬೇಸರ. ಜನ ಸೇರಿದಲ್ಲಿ ಹೌದು ಹೌದು. ಬಹಿರ್ಮುಖಿ ಎಂದರೆ ಹೊರಗೆ ಮುಖ ಮಾಡಿದವಳು ಎಂದು ಈಗ ಅಜ್ಜಿಗೆ ಬಿಡಿಸಿ ಹೇಳಬೇಕಾಗಿಯೇ ಇರಲಿಲ್ಲ. ರೋಗದ ಅಪವಾದ ಕಳೆಯಲು ನಾನು ತಂದ ಹಾಳೆ ಅದನ್ನು ಕಳೆಯಿತು; ನಡತೆಯ ಅಪವಾದಕ್ಕೆ ಸಹಿ ಹಾಕಿ ಕೊಟ್ಟಿತು.

ಆಗ ನಾನು ಬಾಯಿ ಬಿಡಬೇಕಿತ್ತು. ಇದೊಂದು ಆಟ, ಬರೆಸಿದವನು ನಾನು, ಈ ಹುಡುಗಿ ಹೊಸ್ತಿಲ ಮೇಲೆ ಕೂತು ಮಾತಾಡಿಸುವುದು ಹೂ ಮಾರುವ ಮುದುಕಿಯನ್ನು, ಅಂಚೆಯವನನ್ನು, ನೆರೆಮನೆಯ ಕೂಸುಗಳನ್ನು. ಇಷ್ಟೂ ನಾಲಿಗೆಯ ತುದಿಯಲ್ಲಿತ್ತು. ಹದಿನಾಲ್ಕನೆಯ ಪ್ರಶ್ನೆ, 'ಹಲವರ ಮುಂದೆ ನಿಮ್ಮ ಅಭಿಪ್ರಾಯವನ್ನು ತಡವಿಲ್ಲದೆ ಹೇಳಬಲ್ಲಿರಾ?' ಎಂದಿತ್ತು. ನಾನು 'ಇಲ್ಲ' ಎಂದು ಬರೆದಿದ್ದೆ. ಪರೀಕ್ಷೆ ಬಹಳ ಕರಾರುವಾಕ್ಕಾಗಿತ್ತು. ನಾನು ಜಮಖಾನೆಯ ಅಂಚು ನೋಡುತ್ತ ನಿಂತೆ. ಅವ್ವ ಬಾಗಿಲ ಮರೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

ಮಾತಾಡಿದವಳು ತಂಗಿ. ಒಳಕೋಣೆಯಿಂದ ನೆಟ್ಟಗೆ ನಡುಮನೆಗೆ ಬಂದಳು.

"ಅಜ್ಜೀ, ಅದು ಆಟ ಐತ್ರಿ. ನಗಾಕ ಬರದಿದ್ದು. ನಾ ಭಾಳ ಮಾತಾಡ್ತೀನಿ, ಖರೆ. ಅದು ತಪ್ಪಾದ್ರ ಕಡಿಮಿ ಮಾಡ್ತೀನ್ರಿ. ನಿಮ್ಮ ಮನ್ಯಾಗ..."

ಅವಳ ಜೀವಮಾನದಲ್ಲಿ ಅವಳು ಪೂರ್ತಿ ಮಾಡದೆ ಬಿಟ್ಟ ಮೊದಲ ವಾಕ್ಯ ಅದೇ ಇರಬೇಕು.

ಅಜ್ಜಿ ಮಗನ ಕಡೆ ತಿರುಗಿ, "ಕೇಳಿದಿ?" ಎಂದರು. ಅಷ್ಟೇ. ಅಲ್ಲಿ ನೆರೆದಿದ್ದವರಲ್ಲಿ ಅವಳ ಪರವಾಗಿ ಮಾತಾಡಿದವಳು ಅವಳೊಬ್ಬಳೇ, ಅದೇ ಅವಳ ವಿರುದ್ಧ ಕೊನೆಯ ಸಾಕ್ಷಿಯೂ ಆಯಿತು. ಅವರು ಎದ್ದು ಹೋದರು. ಹುಡುಗನ ಅಪ್ಪ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಮರ್ಯಾದೆಯಿಂದ, ಜಮಖಾನೆಯ ಮೇಲೆ ಇಟ್ಟರು.

ಹುಡುಗನಿಂದ ಏನಾದರೂ ಬರಬಹುದೆಂದು ತಂಗಿ ಎರಡು ತಿಂಗಳು ಅಂಚೆಯವನನ್ನು ಮಾತಾಡಿಸುತ್ತಿದ್ದಳು. ಆಮೇಲೆ ಬಿಟ್ಟಳು. ಅವನಿಗೂ ಹತ್ತಕ್ಕಿಂತ ಕಡಿಮೆಯೇ ಬರುತ್ತಿತ್ತೇನೋ. ಅವನನ್ನು ಯಾರೂ ಪರೀಕ್ಷಿಸಲಿಲ್ಲ. ಸಾಹುಕಾರರು ನಮ್ಮ ಮನೆಗೆ ಬಂದು, "ನಾ ಒಳ್ಳೇದಕ್ಕಽ ಹೇಳಿದ್ನಲೋ ತಮ್ಮಾ," ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಅದು ನಿಜ. ಅವರು ಆ ಶಬ್ದವನ್ನು ಮತ್ತೆ ಬಳಸಲಿಲ್ಲ. ಹದಿನೇಳು ಹೌದಿನ ಹುಡುಗಿ ಎಂಬ ಸುದ್ದಿ ಮರಿಯಮ್ಮನಹಳ್ಳಿಯವರೆಗೂ ಹೋಗಿ, ಬೇರೆ ಎರಡು ಸಂಬಂಧಗಳೂ ತಾವಾಗಿಯೇ ತಪ್ಪಿದವು.

ಮರುವರ್ಷ ಅವಳನ್ನು ಸಂಡೂರಿಗೆ ಕೊಟ್ಟೆವು. ಗಂಡ ಗಣಿಯಲ್ಲಿ ಮೇಸ್ತ್ರಿ, ಅವನಿಗೆ ಇದು ಎರಡನೆಯ ಮದುವೆ. ಆ ಮನೆಯವರು ಯಾರನ್ನೂ ವಿಚಾರ ಮಾಡಲಿಲ್ಲ. ಕೆಟ್ಟವನೇನಲ್ಲ, ದಿನಕ್ಕೆ ಹತ್ತು ಮಾತಾಡುವವನು, ಅದರಲ್ಲಿ ಐದು ಊಟದ ಬಗ್ಗೆ. ಮನೆ ಗುಡ್ಡದ ಓರೆಯಲ್ಲಿ, ಒಂಟಿಯಾಗಿ. ಬಾಗಿಲಿಗೆ ಕೆಂಪು ಧೂಳು ಬರುತ್ತದೆಂದು ಹಗಲೆಲ್ಲ ಅಗುಳಿ ಹಾಕಿರುತ್ತಿತ್ತು. ನಾನು ಹೋದಾಗ ತೆರೆಯಲು ಅವಳು ತಡ ಮಾಡುತ್ತಿದ್ದಳು.

ಐದಾರು ವರ್ಷದ ಮೇಲೆ ನಾಗರ ಪಂಚಮಿಗೆ ತವರಿಗೆ ಬಂದಳು. ಓಣಿಯ ಹೆಂಗಸರೆಲ್ಲ ಜೋಕಾಲಿಯ ಹತ್ತಿರ ಸೇರಿ ಕೂಗಾಡುತ್ತಿದ್ದರು. ಅವಳು ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಗೂಡಿನಲ್ಲಿ ಏನೋ ಹುಡುಕುವಾಗ ಆ ಪತ್ರಿಕೆ ಕೈಗೆ ಸಿಕ್ಕಿತು.

"ಅಣ್ಣಾ, ಇದನ್ನ ಇನ್ನೂ ಇಟ್ಟೀಯೇನು?"

"ತಿಪ್ಪಿಗೆ ಒಗ್ಯಾಕ ಮರ್ತಿದ್ದೆ."

"ಓದು. ನಾ ಹೇಳ್ತೀನಿ."

"ಬ್ಯಾಡ ಬಿಡವ್ವಾ."

"ಓದಲೇ ಅಣ್ಣಾ." ಹಳೆಯ ದನಿ ಅಷ್ಟರಲ್ಲಿ ಮಾತ್ರ ಕೇಳಿಸಿತು.

ನಾನು ಒಂದೊಂದಾಗಿ ಓದಿದೆ. ಅವಳು ಟೀಕೆ ಟಿಪ್ಪಣಿ ಇಲ್ಲದೆ, ಸ್ವಲ್ಪ ಯೋಚಿಸಿ, ಪ್ರಾಮಾಣಿಕವಾಗಿ ಉತ್ತರ ಕೊಟ್ಟಳು. ಮನೆಯಲ್ಲಿ ಒಬ್ಬರೇ ಇರುವುದು ಬೇಸರವೇ ಎಂಬುದಕ್ಕೆ ಎಲ್ಲಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡು, "ಇಲ್ಲ, ರೂಢಿ ಆಗೇತಿ," ಎಂದಳು. ಮುಗಿದ ಮೇಲೆ ನಾನು ಎಣಿಸಿದೆ. ಮೂರು ಹೌದು, ಹದಿನೇಳು ಇಲ್ಲ. ನನಗಿಂತ ಒಂದು ಕಡಿಮೆ.