ರುದ್ರಮುನಿ ನೋಡಿದ ಸ್ಯಾಂಪಲ್

ಚನ್ನಗಿರಿಯ ಅಡಿಕೆ ಮಂಡಿಯಲ್ಲಿ ರುದ್ರಮುನಿ ಎಲ್ಲ ಮೂಟೆ ಬಿಚ್ಚಿಸುವವನಲ್ಲ. ಒಂದು ಹಿಡಿ ಸ್ಯಾಂಪಲ್ ಅಂಗೈಗೆ ಸುರಿದುಕೊಂಡು, ಒಂದನ್ನು ಕಚ್ಚಿ ನೋಡಿ, ಇಡೀ ಮಾಲಿಗೆ ದರ ಹೇಳಿಬಿಡುತ್ತಾನೆ. ನಮ್ಮ ವ್ಯಾಪಾರ ನಡೆಯುವುದೇ ಹಾಗೆ. ಪಕ್ಕದ ಮಳಿಗೆಯಲ್ಲಿ ಕೂತ ನಾನು ಅಡಿಕೆಯಲ್ಲಿ ಅವನು ಸೋತದ್ದನ್ನು ನೋಡಿಲ್ಲ.

ಎರಡು ವರ್ಷದ ಹಿಂದೆ ಒಬ್ಬ ಏಜೆಂಟ್ ಬಂದ. ಹೊಸ ಬಗೆಯ ಕಂಪ್ಯೂಟರ್ ಮೆಮೊರಿ ಚಿಪ್ ಮಾಡುವ ಕಂಪನಿಯಂತೆ, ಈಗ ಷೇರು ಹಿಡಿದವರೇ ಮುಂದೆ ರಾಜರಂತೆ. ಉಗುರಿನಷ್ಟಗಲದ ಚಿಪ್‌ನಲ್ಲಿ ರುದ್ರಮುನಿಯ ಹೆಸರು ಬರೆದು ಕರೆಂಟ್ ಕಿತ್ತ. ಮತ್ತೆ ಕೊಟ್ಟಾಗ ಹೆಸರು ಹಾಗೇ ಇತ್ತು.

"ಪೆನ್ ಡ್ರೈವೂ ಇಷ್ಟು ಮಾಡುತ್ತಲ್ಲೋ!" ಎಂದೆ.

"ಇದು ರ್ಯಾಮ್‌ನಷ್ಟು ವೇಗ ಸಾರ್. ಕರೆಂಟ್ ಹೋದರೂ ಮರೆಯಲ್ಲ," ಎಂದ ಏಜೆಂಟ್.

"ಸರಿ ಮಾರಾಯ, ಇದು ಸ್ಯಾಂಪಲ್ ಆತು, ಮೂಟೆ ಎಲ್ಲೈತೆ?" ಎಂದೆ.

ರುದ್ರಮುನಿಗೆ ನನ್ನ ಮೇಲೇ ಸಿಟ್ಟು ಬಂತು. "ಅನ್ನ ಬೆಂದೈತೋ ಇಲ್ಲೋ ನೋಡಾಕೆ ಒಂದಗುಳು ಸಾಕು, ಸುಮ್ಕಿರು."

ಸಂತೇಬೆನ್ನೂರಿನ ಬಸ್ ನಿಲ್ದಾಣದ ಹತ್ತಿರ ಅವನ ಹೆಂಡತಿ ಶಿವಲೀಲಾಗೆ ತವರಿನವರು ಕೊಟ್ಟ ಸೈಟಿತ್ತು. ಅಲ್ಲಿ ಸ್ವಂತ ಖಾನಾವಳಿ ಇಡಬೇಕೆಂದು ಆಕೆ ಮದುವೆಯಾದಂದಿನಿಂದ ಜಪ ಮಾಡುತ್ತಿದ್ದಳು. ಆ ಸೈಟನ್ನೇ ಮಾರಿಸಿ ರುದ್ರಮುನಿ ಷೇರಿಗೆ ಸುರಿದ. ಅಳುತ್ತಲೇ ಸಹಿ ಹಾಕಿದಳು, ಪಾಪ.

ಹೋದ ವಾರ ಕಂಪನಿ ಮುಚ್ಚಿತು. ಸ್ಯಾಂಪಲ್ ಸುಳ್ಳಾಗಿರಲಿಲ್ಲ. ಅಂಥದ್ದನ್ನೇ ಸಾವಿರಗಟ್ಟಲೆ ಮಾಡಲು ಹೋದರೆ ಹತ್ತರಲ್ಲಿ ಒಂದೂ ಕೆಲಸ ಮಾಡಲಿಲ್ಲವಂತೆ. ಮೋಸವಾಗಿದ್ದರೆ ಬೈಯಲಿಕ್ಕೆ ಒಬ್ಬನಾದರೂ ಸಿಗುತ್ತಿದ್ದ. ಥೂ!

ಹೆಂಡತಿಗೆ ಒಬ್ಬನೇ ಹೇಳಲಾರೆನೆಂದು ರುದ್ರಮುನಿ ನನ್ನನ್ನೂ ಮನೆಗೆ ಎಳೆದುಕೊಂಡು ಹೋದ. ಬಾಗಿಲಲ್ಲೇ ನಿಂತು, "ಎಲ್ಲಾ ಹೋತು ಕಣೇ," ಎಂದ.

ಶಿವಲೀಲಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಗೊತ್ತಾತು, ಕುಂದ್ರಿ. ನಮ್ಮ ಸೈಟ್ ತಗೊಂಡೋರು ಅಲ್ಲಿ ಖಾನಾವಳಿ ಕಟ್ಟ್ಯಾರೆ. ರೊಟ್ಟಿ ತಟ್ಟಾಕೆ ಆಳು ಬೇಕಂತೆ. ಸೋಮವಾರದಿಂದ ಬರ್ತೀನಿ ಅಂದೀನಿ."

"ನಿನ್ನ ಜಾಗದಾಗೆ ನೀನೇ ಕೂಲಿಗೆ ಹೋಗ್ತೀಯೇನೇ?" ಎಂದ ರುದ್ರಮುನಿ.

"ಮತ್ತೇನು ಮಾಡಾಕಾಗತೈತೆ ರೀ? ನಿನ್ನೆ ಹೋಗಿ ನೋಡ್ಕಂಡು ಬಂದೆ. ಒಲೇನ ನಾನು ಅಂದ್ಕಂಡಿದ್ದ ಮೂಲೆಗೇ ಹಾಕ್ಯಾರೆ."