ಮುಚ್ಚಳ ಮುಚ್ಚಿದ್ದು ಯಾರು?

ವೇಣೂರು ಪೇಟೆಯಿಂದ ಸ್ವಲ್ಪ ಒಳಗೆ ಇರುವ ಲೋಕಯ್ಯ ಶೆಟ್ಟರ ಮನೆಗೆ ಹಾಳಾದ ಲ್ಯಾಪ್‌ಟಾಪ್ ಹಿಡಿದುಕೊಂಡು ಹೋದವರಿಗೆ ಒಂದು ಲೋಟ ಚಾ, ಒಂದು ಉಪನ್ಯಾಸ ಮತ್ತು ಲಿನಕ್ಸ್ ಖಂಡಿತ ಸಿಗುತ್ತಿದ್ದವು. ಚಾ ಬೇಡ ಎನ್ನಬಹುದಿತ್ತು. ಉಳಿದೆರಡಕ್ಕೆ ಆ ಅವಕಾಶ ಇರಲಿಲ್ಲ.

ಶೆಟ್ಟರು ಮೂಡುಬಿದಿರೆಯ ಒಂದು ಎಂಜಿನಿಯರಿಂಗ್ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಇನ್‌ಸ್ಟ್ರಕ್ಟರ್ ಆಗಿ ನಿವೃತ್ತರಾದವರು. ಊರಿನಲ್ಲಿ ಯಾರಾದರೂ ಪ್ರೊಫೆಸರ್ ಎಂದು ಕರೆದರೆ ತಿದ್ದುವ ಗೋಜಿಗೆ ಹೋಗುತ್ತಿರಲಿಲ್ಲ. ಜನರ ಪ್ರೀತಿಗೆ ಅಡ್ಡ ಬರುವುದು ಅವರ ಸ್ವಭಾವವಲ್ಲ. ಎಲ್ಲರೂ ಬಿಸಾಡಲು ಇಟ್ಟ ಹಳೆಯ ಲ್ಯಾಪ್‌ಟಾಪುಗಳಿಗೆ ವಿಂಡೋಸ್ ತೆಗೆದು ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿ ಮರುಜನ್ಮ ಕೊಡುವುದು ನಿವೃತ್ತಿಯ ನಂತರದ ಅವರ ಸಮಾಜಸೇವೆ. ಸೇವೆ ಮಾಡಿಸಿಕೊಂಡವರಲ್ಲಿ ದಿನಸಿ ಅಂಗಡಿಯ ಮೊಯಿದಿನಬ್ಬರೂ ಒಬ್ಬರು. ಹೇಗುಂಟು ಎಂದು ಶೆಟ್ಟರು ಕೇಳಿದಾಗ ಅವರು ಬಹಳ ಯೋಚಿಸಿ ಉತ್ತರ ಕೊಟ್ಟಿದ್ದರು: "ಮೊದಲು ನಿಧಾನ ಇತ್ತು ಶೆಟ್ರೆ, ನಂಗೆ ಅರ್ಥ ಆಗ್ತಿತ್ತು. ಈಗ ಫಾಸ್ಟ್ ಉಂಟು, ಅರ್ಥ ಆಗುದಿಲ್ಲ." ಶೆಟ್ಟರು ಇದನ್ನು ಹೊಗಳಿಕೆಯೆಂದೇ ಸ್ವೀಕರಿಸಿದರು.

ಲ್ಯಾಬಿನಲ್ಲಿ ಇದ್ದಷ್ಟು ವರ್ಷ ಅವರು ಹುಡುಗರಿಗೆ ಹೇಳಿಕೊಟ್ಟದ್ದು ಒಂದೇ ಪಾಠ. ಕಂಪ್ಯೂಟರ್ ತಾನು ಮಾಡಿದ್ದನ್ನೆಲ್ಲ ಆಗಿಂದಾಗ ಒಂದು ಕಡೆ ಬರೆದಿಡುತ್ತದೆ. ಅದಕ್ಕೆ ಲಾಗ್ ಎಂದು ಹೆಸರು. ಹುಡುಗರು ಓಡಿ ಬಂದು, ಸರ್, ನಾನು ಏನೂ ಮಾಡಲಿಲ್ಲ, ತನ್ನಿಂತಾನೇ ಹಾಳಾಯಿತು ಎಂದರೆ ಶೆಟ್ಟರು ಲಾಗ್ ತೆರೆದು ತೋರಿಸುವರು. ಹುಡುಗ ಏನು ಮಾಡಿದ್ದನೋ ಅದು ಅಲ್ಲಿ ಇರುತ್ತಿತ್ತು. ಯಂತ್ರ ಸುಳ್ಳು ಹೇಳುವುದಿಲ್ಲ, ಮನುಷ್ಯ ಹೇಳುತ್ತಾನೆ, ಇಲ್ಲವೇ ಮರೆಯುತ್ತಾನೆ ಎನ್ನುವುದು ಅವರ ಸಿದ್ಧಾಂತ. ಈ ಸಿದ್ಧಾಂತ ತಿರುಗಿ ತಮ್ಮ ಕೊರಳಿಗೇ ಬರಬಹುದೆಂದು ಅವರು ಎಣಿಸಿರಲಿಲ್ಲ.

ಅವರ ಸ್ವಂತ ಲ್ಯಾಪ್‌ಟಾಪ್ ಕಾಲೇಜು ಹರಾಜು ಹಾಕಿದ ಮಾಲು. ಕಪ್ಪು ಬಣ್ಣ, ಕಡೆಯುವ ಕಲ್ಲಿನಷ್ಟು ಭಾರ. ಅದಕ್ಕೆ ಮೊದಲಿನಿಂದಲೂ ನಿದ್ದೆಯ ತೊಂದರೆ. ಮುಚ್ಚಳ ಮುಚ್ಚಿದರೆ ಮಲಗುವುದು, ತೆರೆದರೆ ಏಳುವುದು ಲ್ಯಾಪ್‌ಟಾಪಿನ ಧರ್ಮ. ಇದು ಮಲಗುತ್ತಿತ್ತು, ಏಳುತ್ತಿರಲಿಲ್ಲ. ಪರದೆ ಕಪ್ಪಗೆ, ಫ್ಯಾನ್ ಮಾತ್ರ ಸುಯ್ ಎನ್ನುವುದು. ಶೆಟ್ಟರು ಪಟ್ಟುಹಿಡಿದು ಕೂತು, ಯಂತ್ರ ಶುರುವಾಗುವಾಗ ಓದುವ ಸೂಚನೆಯ ಸಾಲಿಗೆ ಎರಡು ಪದ ಸೇರಿಸಿ ಅದನ್ನು ಗುಣ ಮಾಡಿದರು. ಸುದ್ದಿಯನ್ನು ತಮ್ಮ ಲಿನಕ್ಸ್ ವಾಟ್ಸ್ಆಪ್ ಗುಂಪಿಗೂ ಹಾಕಿದರು. ಗುಂಪಿನಲ್ಲಿ ಅವರೂ ಸೇರಿ ನಾಲ್ಕು ಜನ. ಒಬ್ಬ ಹೆಬ್ಬೆರಳು ತೋರಿಸಿದ.

ಹೊಸ ತೊಂದರೆ ಶುರುವಾದದ್ದು ಚೌತಿ ಕಳೆದ ಮೇಲೆ. ಈಗ ಅದು ಮುಚ್ಚಳ ತೆರೆದೇ ಇರುವಾಗ, ಶೆಟ್ಟರು ಎದುರಿಗೆ ಕೂತಿರುವಾಗಲೇ ಮಲಗತೊಡಗಿತು. ಲಿನಕ್ಸಿನ ಇಂಗ್ಲಿಷ್ ಪದಗಳನ್ನು ಕನ್ನಡಕ್ಕೆ ತರುವ ಕೆಲಸವನ್ನು ಅವರು ಮೈಮೇಲೆ ಹಾಕಿಕೊಂಡಿದ್ದರು. ಒಂದು ಪದಕ್ಕೆ ಅರ್ಧ ಗಂಟೆ ಕೂತು ಯೋಚಿಸುವಾಗ ಪರದೆ ಫಕ್ಕನೆ ಆರುವುದು. ಗುಂಡಿ ಒತ್ತಿದರೆ ಏಳುವುದು, ಹತ್ತು ನಿಮಿಷಕ್ಕೆ ಪುನಃ ಆರುವುದು.

ಶೆಟ್ಟರು ಲಿನಕ್ಸಿನ ತಿರುಳಾದ ಕರ್ನೆಲನ್ನೇ ಬದಲಿಸಿದರು, ಹೊಸದು ತೆಗೆದು ಹಳೆಯದು ಹಾಕಿದರು, ಹಳೆಯದು ತೆಗೆದು ಹೊಸದು ಹಾಕಿದರು. ಬ್ಯಾಟರಿ ಕಳಚಿ ನೋಡಿದರು. ಮೌಸಿನ ಮೇಲೆ ಸಂಶಯಪಟ್ಟು ಅದನ್ನು ಮೂರು ದಿನ ಕಪಾಟಿನಲ್ಲಿ ಇಟ್ಟರು. ಪ್ರತಿ ಸಲವೂ ಗುಂಪಿಗೆ "ಸಮಸ್ಯೆ ಬಗೆಹರಿದಿದೆ" ಎಂದು ಹಾಕುವುದು, ಮಾರನೇ ದಿನ ಆ ಸಂದೇಶವನ್ನು ಅಳಿಸುವುದು. ಕೊನೆಗೆ, ಹುಡುಗರಿಗೆ ಮೊದಲು ಮಾಡಲು ಹೇಳುತ್ತಿದ್ದ ಕೆಲಸವನ್ನು ತಾವು ಕೊನೆಗೆ ಮಾಡಿದರು. ಲಾಗ್ ತೆರೆದರು.

ಅಲ್ಲಿ ಸ್ಪಷ್ಟವಾಗಿ ಬರೆದಿತ್ತು: ಮುಚ್ಚಳ ಮುಚ್ಚಲಾಗಿದೆ. ಕೆಳಗಿನ ಸಾಲಿನಲ್ಲಿ, ಮುಚ್ಚಳ ತೆರೆಯಲಾಗಿದೆ. ಹೀಗೆ ಸಾಲು ಸಾಲು, ಅವರು ಕೂತಿದ್ದ ಪ್ರತಿ ದಿನವೂ.

ಶೆಟ್ಟರು ಮುಚ್ಚಳ ಮುಟ್ಟಿರಲಿಲ್ಲ. ಮುಟ್ಟಿರಲಿಲ್ಲ ಎಂದು ಅವರಿಗೆ ಅನಿಸುತ್ತಿತ್ತು. ಹಾಗೆ ಅನಿಸುವುದು ಎಷ್ಟರಮಟ್ಟಿಗೆ ಸಾಕ್ಷಿ ಎಂಬ ಪ್ರಶ್ನೆ ಬಂದದ್ದೇ, ಕೂತ ಕುರ್ಚಿ ಒಂದು ಗೇಣು ಕೆಳಗೆ ಹೋದ ಹಾಗಾಯಿತು.

ಕಾರಣ ಡೊಂಬಯ್ಯಣ್ಣ. ಲೋಕಯ್ಯ ಶೆಟ್ಟರ ಅಣ್ಣ ಡೊಂಬಯ್ಯ ಶೆಟ್ಟರು ಬಂಟ್ವಾಳದ ಕೋರ್ಟಿನಲ್ಲಿ ಗುಮಾಸ್ತರಾಗಿದ್ದವರು. ಯಾವ ಕಡತ ಯಾವ ಕಪಾಟಿನಲ್ಲಿ ಎಂದು ಕಣ್ಣುಮುಚ್ಚಿ ಹೇಳುತ್ತಿದ್ದವರು. ಅವರಿಗೆ ಮರೆವು ಶುರುವಾದದ್ದು ಬಾಗಿಲಿನಿಂದ. ಹಿಂಬಾಗಿಲಿಗೆ ತಾವೇ ಬೀಗ ಹಾಕಿ ಬರುವುದು, ಆಮೇಲೆ ಯಾರು ಹಾಕಿದ್ದು, ನಾನಂತೂ ಹಾಕಲಿಲ್ಲ ಎಂದು ಮನೆಯವರ ಮೇಲೆ ರೇಗುವುದು. ಬೀಗದ ಕೈ ಅವರ ಕಿಸೆಯಲ್ಲೇ ಇರುತ್ತಿತ್ತು. ಕೊನೆಯ ಎರಡು ವರ್ಷ ಅವರು ಸ್ವಂತ ಮನೆಯ ಜಗಲಿಯಲ್ಲಿ ಚಪ್ಪಲಿ ಹಾಕಿ ಕೂತು, ಬಂಟ್ವಾಳಕ್ಕೆ ಬಸ್ಸು ಯಾವಾಗ ಎಂದು ಹೋಗಿ ಬರುವವರನ್ನೆಲ್ಲ ಕೇಳುತ್ತಿದ್ದರು. ತಮ್ಮನನ್ನೂ ಕೇಳಿದ್ದರು, ಬಹುವಚನದಲ್ಲಿ, ಅಪರಿಚಿತರನ್ನು ಕೇಳಿದ ಹಾಗೆ.

ಲಾಗ್ ನೋಡಿದ ಮೇಲೆ ಶೆಟ್ಟರಿಗೆ ಲ್ಯಾಪ್‌ಟಾಪ್ ಸರಿಯಾಗುವುದು ಮುಖ್ಯವಾಗಿ ಉಳಿಯಲಿಲ್ಲ. ಮುಚ್ಚಳ ಮುಚ್ಚಿದ್ದು ಯಾರು ಎಂದು ಗೊತ್ತಾಗಬೇಕಿತ್ತು. ಯಂತ್ರ ಕೆಟ್ಟಿರಲಿ ದೇವರೇ ಎಂದು, ಯಂತ್ರದ ಪರ ಜೀವಮಾನವಿಡೀ ವಾದಿಸಿದ ಮನುಷ್ಯ ಮೊದಲ ಸಲ ಬೇಡಿಕೊಂಡರು.

ಬೆಳ್ತಂಗಡಿಯಲ್ಲಿ ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಇಟ್ಟ ಇರ್ಷಾದ್ ಅವರದ್ದೇ ಲ್ಯಾಬಿನ ಹುಡುಗ. ಅವನ ಹತ್ತಿರ ಒಯ್ಯುವುದೆಂದರೆ ಪುರೋಹಿತರು ಶಿಷ್ಯನ ಕೈಯಲ್ಲಿ ಜಾತಕ ಓದಿಸಿದ ಹಾಗೆ. ಆದರೂ ಹೋದರು. ಬಸ್ಸು ಇಳಿದ ಕೂಡಲೇ ಎಡಗೈಯ ಬಳೆ ಕಳಚಿ ಕಿಸೆಗೆ ಹಾಕಿದರು. ಅದು ಹೆಂಡತಿ ಕುಸುಮಕ್ಕ ತೊಡಿಸಿದ್ದು. ಬಿ.ಸಿ. ರೋಡಿನ ಒಂದು ಸಭಾಭವನದಲ್ಲಿ ಆರೋಗ್ಯ ಶಿಬಿರ ಎಂದು ಬೋರ್ಡು ಹಾಕಿದಲ್ಲಿ, ಬಿ.ಪಿ. ಇಳಿಸುವ ಅಯಸ್ಕಾಂತದ ಬಳೆ ಎಂದು ಮಾರುತ್ತಿದ್ದರಂತೆ. ಅದರಲ್ಲಿ ಅಯಸ್ಕಾಂತವೂ ಇಲ್ಲ, ಮಣ್ಣೂ ಇಲ್ಲ, ಬರೀ ಸ್ಟೀಲು ಎಂದು ಶೆಟ್ಟರು ಬಳೆಯನ್ನು ಮುಟ್ಟಿ ನೋಡದೆಯೇ ತೀರ್ಪು ಕೊಟ್ಟಿದ್ದರು. ಹೆಂಡತಿಯ ಮನಶ್ಶಾಂತಿಗೆ ಮನೆಯಲ್ಲಿ ಹಾಕಿಕೊಳ್ಳುತ್ತಿದ್ದರು. ಆದರೆ ವಿಜ್ಞಾನದ ಮನುಷ್ಯ ಶಿಷ್ಯನ ಎದುರು ಮಂತ್ರದ ಬಳೆ ತೊಟ್ಟು ನಿಲ್ಲುವುದುಂಟೇ?

ಇರ್ಷಾದ್ ಕುರ್ಚಿ ಕೊಟ್ಟು ಕೂರಿಸಿದ. ಶೆಟ್ಟರು ಅಲ್ಲೇ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಮಧ್ಯಾಹ್ನದವರೆಗೆ ಕೆಲಸ ಮಾಡಿದರು. ಅದು ಒಮ್ಮೆಯೂ ಕಣ್ಣು ಮುಚ್ಚಲಿಲ್ಲ. ಎರಡು ದಿನ ಅಂಗಡಿಯಲ್ಲೇ ಬಿಟ್ಟು ಬಂದರು, ಆಗಲೂ ಇಲ್ಲ. ಬಳೆಯನ್ನು ಪುನಃ ಕಿಸೆಗೆ ಹಾಕಿ, ಅದನ್ನು ತರಲು ಅಂಗಡಿಗೆ ಹೋದಾಗ ಇರ್ಷಾದ್ ಸುಲಭದ ದಾರಿ ತೋರಿಸಿದ. "ಮುಚ್ಚಳವನ್ನು ಲೆಕ್ಕಕ್ಕೇ ತೆಗೊಳ್ಬೇಡ ಅಂತ ಒಂದು ಸಾಲು ಬರೆದ್ರೆ ಮುಗೀತಲ್ಲ ಸರ್. ಮತ್ತೆ ಮಲಗುದೇ ಇಲ್ಲ."

ಅದು ರೋಗ ಮುಚ್ಚಿಡುವ ಮದ್ದು, ಗುಣ ಮಾಡುವ ಮದ್ದಲ್ಲ ಎಂದು ಶೆಟ್ಟರು ಲ್ಯಾಬಿನ ದನಿಯಲ್ಲಿ ಗದರಿದರು. ಇರ್ಷಾದ್ ನಕ್ಕ. ನಮ್ಮ ತಂದೆ ಕೂಡ ಹೀಗೆಯೇ, ಕನ್ನಡಕ ಹಣೆಯ ಮೇಲೆ ಇಟ್ಟು ಮನೆಯಿಡೀ ಹುಡುಕುತ್ತಾರೆ ಎಂದ. "ನೀವೇ ಮುಚ್ಚಿ ಮರ್ತಿರ್ಬಹುದು ಸರ್."

ತಮಾಷೆಯ ಮಾತು. ಶೆಟ್ಟರೂ ನಕ್ಕರು. ವೇಣೂರಿನ ಬಸ್ಸಿನಲ್ಲಿ ಲ್ಯಾಪ್‌ಟಾಪ್ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು, ಟಿಕೆಟು ತೆಗೆದುಕೊಂಡೆನೋ ಇಲ್ಲವೋ ಎಂದು ಕಿಸೆ ಮುಟ್ಟಿ ನೋಡಿದರು. ಟಿಕೆಟು ಇತ್ತು. ಬಳೆಯೂ ಕೈಗೆ ತಾಗಿತು. ಕುಸುಮಕ್ಕನ ಭಯಕ್ಕೆ ಅದನ್ನು ತೊಟ್ಟುಕೊಂಡರು. ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದು ಕೂತು ಚಾ ಕುಡಿದು ಮುಗಿಸುವುದರೊಳಗೆ ಪರದೆ ಆರಿತು. ಲಾಗಿನಲ್ಲಿ ಅದೇ ಸಾಲು.

ಇರ್ಷಾದನ ಹತ್ತಿರ ಮಲಗದ್ದು ಇಲ್ಲಿ ಮಲಗುತ್ತದೆಂದರೆ ದೋಷ ಯಂತ್ರದಲ್ಲಿ ಇಲ್ಲ. ಉಳಿದದ್ದು ಒಬ್ಬರೇ.

ಎರಡು ದಿನ ಶೆಟ್ಟರು ತಮ್ಮನ್ನೇ ಪರೀಕ್ಷಿಸಿಕೊಂಡರು. ಸ್ನಾನ ಆದ ಮೇಲೆ ಸ್ನಾನ ಆಯಿತಾ ಎಂದು ಟವೆಲು ಮುಟ್ಟಿ ನೋಡಿಕೊಂಡರು. ಮೂರನೇ ದಿನ ಮಧ್ಯಾಹ್ನ ಕುಸುಮಕ್ಕ ಜಗಲಿಯಲ್ಲಿ ಬಸಳೆ ಸೊಪ್ಪು ಬಿಡಿಸುತ್ತಿರುವಾಗ, ಎದುರಿಗೆ ಬಂದು ಕೂತು, ನೀನು ಸ್ವಲ್ಪ ಹೊತ್ತು ನನ್ನ ಎರಡು ಕೈಗಳನ್ನೇ ನೋಡುತ್ತಿರಬೇಕು ಎಂದರು. ಮದುವೆಯಾದ ಇಷ್ಟು ವರ್ಷಗಳಲ್ಲಿ ಇಂಥ ಬೇಡಿಕೆ ಬಂದಿರಲಿಲ್ಲ. ಯಾಕೆ ಎಂದು ಅವರು ಕೇಳಿದರು.

ಶೆಟ್ಟರು ಹೇಳಿದರು. ಲಾಗ್ ಎಂದರೆ ಏನು ಎಂಬಲ್ಲಿಂದ ಶುರುಮಾಡಿ, ಮುಚ್ಚಳದ ವಿಷಯ ದಾಟಿ, ಡೊಂಬಯ್ಯಣ್ಣನ ಹಿಂಬಾಗಿಲಿನವರೆಗೆ ಬಂದರು. ಅಲ್ಲಿ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡರು. "ನಂಗೂ ಅದೇ ಶುರು ಆಗಿದೆಯೋ ಏನೋ ಕುಸುಮಾ."

ಕುಸುಮಕ್ಕ ಬೆಚ್ಚಿ ಬೀಳಲಿಲ್ಲ. ಬಸಳೆಯ ದಂಟನ್ನು ತಟ್ಟೆಗೆ ಹಾಕಿ, ಸೆರಗಿಗೆ ಕೈ ಒರೆಸಿಕೊಂಡು ಹತ್ತಿರ ಬಂದು ಕೂತರು. ವಿಷಯದ ಗಾಂಭೀರ್ಯ ಇವಳಿಗೆ ಹೊಳೆದಿಲ್ಲ ಎಂದುಕೊಂಡು ಶೆಟ್ಟರು ಇನ್ನೊಮ್ಮೆ ಸಂಕ್ಷಿಪ್ತವಾಗಿ ವಿವರಿಸಿದರು. ಆಮೇಲೆ ಟೈಪು ಮಾಡತೊಡಗಿದರು. ಕುಸುಮಕ್ಕ ಬೆಕ್ಕು ಮೀನು ನೋಡುವ ಹಾಗೆ ಕೈಗಳನ್ನೇ ನೋಡುತ್ತ ಕೂತರು.

ಒಂದು ಪದ ಸಿಗದೆ ಶೆಟ್ಟರು ಬೆರಳು ನಿಲ್ಲಿಸಿ, ಎಡಗೈ ಮಣಿಕಟ್ಟನ್ನು ಕೀಬೋರ್ಡಿನ ಕೆಳಗಿನ ಮೂಲೆಗೆ ಊರಿ, ಯೋಚನೆಗೆ ಬಿದ್ದರು. ಪರದೆ ಆರಿತು.

"ನೀವು ಮುಚ್ಚಲಿಲ್ಲ," ಎಂದರು ಕುಸುಮಕ್ಕ. "ನಾನು ರೆಪ್ಪೆ ಬಡೀಲಿಲ್ಲ. ನಿಮ್ಮ ಕೈ ಎರಡೂ ಇಲ್ಲೇ ಇತ್ತು."

ಶೆಟ್ಟರಿಗೆ ಅಷ್ಟೇ ಸಾಕಿತ್ತು. ಪುನಃ ಎಬ್ಬಿಸಿದರು. ಪುನಃ ಟೈಪು, ಪುನಃ ಯೋಚನೆ, ಪುನಃ ಕತ್ತಲೆ. ಮೂರನೇ ಸಲ ಮಣಿಕಟ್ಟು ಊರುವಾಗ ಕುಸುಮಕ್ಕ, ಈ ಕೈ ಇಟ್ಟಾಗಲೇ ಆಗುವುದು ಎಂದು ಎಡಗೈ ಹಿಡಿದರು. ಹಿಡಿದ ಕೈಯಲ್ಲಿ ಬಳೆ ಇತ್ತು.

ಲ್ಯಾಪ್‌ಟಾಪಿಗೆ ಮುಚ್ಚಳ ಮುಚ್ಚಿದ್ದು ಗೊತ್ತಾಗುವುದು ಮುಚ್ಚಳದ ಅಂಚಿನಲ್ಲಿರುವ ಸಣ್ಣ ಅಯಸ್ಕಾಂತದಿಂದ. ಅದು ಕೆಳಗಿನ ಮೂಲೆಯ ಹತ್ತಿರ ಬಂದರೆ ಯಂತ್ರ ಮುಚ್ಚಳ ಬಿತ್ತೆಂದು ತಿಳಿಯುತ್ತದೆ. ಇದನ್ನು ಶೆಟ್ಟರು ಎಷ್ಟೋ ಬ್ಯಾಚಿಗೆ ಪಾಠ ಮಾಡಿದ್ದರು. ಚೌತಿಯ ಹೊತ್ತಿಗೆ ಕೈಗೆ ಬಂದ ಬಳೆಯನ್ನು ಕಳಚಿ ಆ ಮೂಲೆಗೆ ಹಿಡಿದರು. ಕತ್ತಲೆ. ಕೈ ತೆಗೆದು ಗುಂಡಿ ಒತ್ತಿದರು. ಬೆಳಕು. ಸಣ್ಣ ಮಗುವಿನ ಹಾಗೆ ಅದನ್ನೇ ಐದಾರು ಸಲ ಮಾಡಿದರು.

"ಹಾಗಾದ್ರೆ ಅದ್ರಲ್ಲಿ ಅಯಸ್ಕಾಂತ ಉಂಟು," ಎಂದರು ಕುಸುಮಕ್ಕ.

"ಉಂಟು ಮಾರಾಯ್ತಿ, ಉಂಟು."

"ಮಣ್ಣೂ ಇಲ್ಲ ಅಂದದ್ದು ಯಾರೋ."

ಶೆಟ್ಟರು ಈ ಸೋಲನ್ನು ಗೆದ್ದವರ ಹಾಗೆ ಒಪ್ಪಿಕೊಂಡರು. ಯಂತ್ರ ಸುಳ್ಳು ಹೇಳಿರಲಿಲ್ಲ, ಅದು ಮೋಸಹೋಗಿತ್ತು, ತಾವೂ ಮರೆತಿರಲಿಲ್ಲ. ಹಗುರಾದ ಮನುಷ್ಯ ಜಗಲಿಯ ಉದ್ದಕ್ಕೂ ನಡೆಯುತ್ತ ಅಯಸ್ಕಾಂತದ ಬಗ್ಗೆ, ವಿದ್ಯುತ್ತಿನ ಬಗ್ಗೆ, ವೈಜ್ಞಾನಿಕ ಮನೋಭಾವದ ಬಗ್ಗೆ ಹೆಂಡತಿಗೆ ಒಂದು ಪೂರ್ತಿ ಪೀರಿಯಡ್ ಪಾಠ ಮಾಡಿದರು. ಗುಂಪಿಗೆ ಹಾಕಲು ಸಂದೇಶದ ಮೊದಲ ವಾಕ್ಯವನ್ನೂ ಜೋರಾಗಿ ಹೇಳಿ ನೋಡಿದರು. ಕುಸುಮಕ್ಕ ತಡೆಯಲಿಲ್ಲ. ಎಲ್ಲ ಮುಗಿದ ಮೇಲೆ, ಕೂತುಕೊಳ್ಳಿ ಎಂದರು.

"ಒಂದು ಮಾತು ಹೇಳ್ತೇನೆ. ಕೋಪ ಮಾಡ್ಬೇಡಿ."

ಶೆಟ್ಟರು ನಗುತ್ತಲೇ ಕೂತರು.

"ಈ ಹೆದರಿಕೆ ಉಂಟಲ್ಲ, ಅಣ್ಣನ ಹಾಗೆ ಆಗ್ತದೋ ಅಂತ. ಅದನ್ನು ನೀವು ಮೊನ್ನೆ ಬೆಳ್ತಂಗಡಿಗೆ ಹೋಗುವ ಮೊದಲೇ ನಂಗೆ ಹೇಳಿದ್ದೀರಿ. ಅಡಿಗೆಕೋಣೆಯಲ್ಲಿ, ಬಾಗಿಲ ಹತ್ರ ನಿಂತು."

ಶೆಟ್ಟರು ಇಲ್ಲ ಎಂದರು. ಹೇಳಿದ್ದರೆ ತನಗೆ ನೆನಪಿರುತ್ತಿತ್ತಲ್ಲ ಎಂದರು. ಆ ಮಾತು ಬಾಯಿಂದ ಹೊರಗೆ ಬಂದ ಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿ ಕಾಣಲಿಲ್ಲ.

ಕುಸುಮಕ್ಕ ನಿಧಾನವಾಗಿ ಮುಂದುವರಿಸಿದರು. ಅವತ್ತು ನಾನು ಡಾಕ್ಟರಿಗೆ ತೋರಿಸಿ ಬರುವ ಎಂದು ಕರೆದಿದ್ದೆ ಎಂದರು. "ನೀವು ಎಂಥ ಹೇಳಿದಿರಿ ಗೊತ್ತುಂಟಾ? ಮೊದಲು ಮೆಷಿನನ್ನು ಇರ್ಷಾದನಿಗೆ ತೋರಿಸ್ತೇನೆ, ಅದರಲ್ಲಿ ಏನೂ ಇಲ್ಲದಿದ್ರೆ ಮತ್ತೆ ನನ್ನನ್ನು ತೋರಿಸುವ, ಅಂತ. ಅದಕ್ಕೇ ನಾನು ಕಾದದ್ದು."

ಶೆಟ್ಟರು ತಲೆಯೊಳಗೆ ಆ ದಿನವನ್ನು ಹುಡುಕಿದರು. ಬಸ್ಸು ನೆನಪಿತ್ತು, ಕಿಟಕಿಯ ಸೀಟು ನೆನಪಿತ್ತು, ಇರ್ಷಾದನ ಮೇಜಿನ ಮೇಲಿದ್ದ ಸ್ಕ್ರೂಗಳ ಡಬ್ಬಿಯ ಬಣ್ಣ ಸಹ ನೆನಪಿತ್ತು. ಅಡಿಗೆಕೋಣೆಯ ಬಾಗಿಲು ಮಾತ್ರ ಎಲ್ಲಿಯೂ ಸಿಗಲಿಲ್ಲ. ಅಲ್ಲಿ ಏನೂ ಅಳಿಸಿದ ಗುರುತು ಕೂಡ ಇರಲಿಲ್ಲ. ಅಂಥದೊಂದು ಬೆಳಗ್ಗೆ ಇರಲೇ ಇಲ್ಲ ಎಂಬಷ್ಟು ನಯವಾಗಿತ್ತು ಆ ಜಾಗ.

ತಟ್ಟೆಯ ಬಸಳೆ ಬಾಡತೊಡಗಿತ್ತು. ಗುಂಪಿನ ಉಳಿದ ಮೂವರಿಗೆ ಹೇಳಬೇಕಾದ ವಾಕ್ಯ ಶೆಟ್ಟರ ಬಾಯಿಯಲ್ಲಿ ಹಾಗೆಯೇ ಒಣಗಿತು.

"ಅತ್ತಿದ್ದೇನಾ ನಾನು?" ಎಂದು ಕೇಳಿದರು.

"ಸ್ವಲ್ಪ."

"ಇವತ್ತಿಗಿಂತ ಜಾಸ್ತಿಯಾ?"

ಕುಸುಮಕ್ಕ ಡಾಕ್ಟರ ವಿಷಯ ತೆಗೆದರು. ಮೂಡುಬಿದಿರೆಯಲ್ಲಿ ಒಬ್ಬರು ಡಾಕ್ಟರು ಇದನ್ನೇ ನೋಡುತ್ತಾರಂತೆ, ಮೊಯಿದಿನಬ್ಬರ ಮನೆಯ ಖದೀಜ ಹೇಳಿದ್ದು, ಗುರುವಾರ ಸಿಗುತ್ತಾರಂತೆ ಎಂದರು. ಎಲ್ಲ ಗೊತ್ತುಮಾಡಿಕೊಂಡೇ ಇಟ್ಟಿದ್ದರು. ಇದು ಪ್ರಾಯಕ್ಕೆ ಎಲ್ಲರಿಗೂ ಆಗುವ ಮರೆವೇ ಇರಬಹುದು, ನೋಡಿಸಿದರೆ ನಷ್ಟ ಇಲ್ಲವಲ್ಲ ಎಂದೂ ಸೇರಿಸಿದರು.

"ಹೋಗುವ," ಎಂದರು ಶೆಟ್ಟರು. ಆಮೇಲೆ, "ಒಳಗೆ ನೀನೂ ಬರಬೇಕು. ನಾನು ಅವರಿಗೆ ಎಲ್ಲ ಸರಿ ಉಂಟು ಅಂತ ಚಂದ ಮಾಡಿ ವಿವರಿಸಿಬಿಡ್ತೇನೆ, ನನ್ನ ಬಾಯಿ ನಿಂಗೆ ಗೊತ್ತುಂಟಲ್ಲ. ಆದದ್ದೆಲ್ಲ ನೀನೇ ಹೇಳು."

ಕುಸುಮಕ್ಕ ತಲೆಯಾಡಿಸಿ ಬಸಳೆಯ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಶೆಟ್ಟರು ಒಂದು ದಂಟು ಎತ್ತಿಕೊಂಡು, ಯಾವ ಎಲೆ ತೆಗೆಯಬೇಕು, ಯಾವುದು ಬಿಡಬೇಕು ಎಂದು ಹೆಂಡತಿಯನ್ನು ಕೇಳಿ ಕೇಳಿ ಬಿಡಿಸತೊಡಗಿದರು.